ಬಣ್ಣ ತೆಗೆದ ಫೋಟೋ

ಅಳು ಶುರುವಾದರೆ ನಮ್ಮ ಮನೆಯಲ್ಲಿ ಟಿವಿ ಬಾಯಿ ಮುಚ್ಚಬೇಕು. ಇದು ನಮ್ಮ ಯಜಮಾನರು ಫಕೀರೇಶ ಮಾಡಿದ ಕಾನೂನು. ದಿನವಿಡೀ ಮಾಗಡಿ ರೋಡಿನಲ್ಲಿ ಆಟೋ ಓಡಿಸಿ ಕಿವಿ ತೂತಾಗಿ ಬರುವ ಮನುಷ್ಯನಿಗೆ ವಾರಕ್ಕೊಮ್ಮೆ ಹಾಡಿನ ಸ್ಪರ್ಧೆ ನೋಡುವುದೊಂದೇ ಸುಖ. ಆದರೆ ಈಗ ಆ ಸ್ಪರ್ಧೆಯಲ್ಲಿ ಹಾಡು ಉಪ್ಪಿನಕಾಯಿ, ಅಳುವೇ ಊಟ. ಹುಡುಗ ಹಾಡಿದರೆ ತಾಯಿ ಅಳುತ್ತಾಳೆ, ತಾಯಿ ಅತ್ತರೆ ತೀರ್ಪುಗಾರರು ಅಳುತ್ತಾರೆ, ಹಿಂದೆ ಒಂದು ಕೊಳಲು ಬೇರೆ. ಆ ಕೊಳಲು ಕೇಳಿಸಿದ್ದೇ ತಡ, "ಬಂತ ನೋಡ ಶನಿ" ಎಂದು ಯಜಮಾನರು ರಿಮೋಟು ಒತ್ತುತ್ತಾರೆ. ಅವರು ಒಳಗೆ ಸದ್ದಿಲ್ಲದೆ ಅಳುತ್ತಾರೆ, ನಾವು ಇಲ್ಲಿ ರೊಟ್ಟಿ ಮುರಿಯುತ್ತೇವೆ.

ಈ ಸಲ ಆ ಸ್ಪರ್ಧೆಗೆ ನಮ್ಮವಳೇ ಹೋಗಿದ್ದಳು. ನನ್ನ ಅಣ್ಣ ಈರಪ್ಪನ ಮಗಳು ಭುವನೇಶ್ವರಿ. ಅಣ್ಣ ಮನೆಗಳಿಗೆ ಬಣ್ಣ ಬಳಿಯುವವನು, ಹೆಗ್ಗನಹಳ್ಳಿಯಲ್ಲೇ ನಮ್ಮಿಂದ ಎರಡು ಬೀದಿ ಆಚೆ ಅವನ ಮನೆ. ಹುಡುಗಿಗೆ ದೇವರು ಕೊಟ್ಟ ಕಂಠ. ಕಣ್ಣೀರು ಮಾತ್ರ ಕೊಟ್ಟಿರಲಿಲ್ಲ. ಚಾನೆಲ್ಲಿನವರಿಗೆ ಅದೇ ದೊಡ್ಡ ತಲೆನೋವಾಯಿತು.

ಅವಳ ಮನೆಯ ಕಥೆ ಚಿತ್ರೀಕರಿಸಲು ಬಂದವನು ಶ್ರೀಶ ಎಂಬ ಹುಡುಗ. ಮಾತು ಬಲು ನಯ. ಆಗ ಅಣ್ಣನಿಗೆ ಹೊಟ್ಟೆನೋವು ಶುರುವಾಗಿತ್ತು, ಆದರೂ ಓಡಾಡಿಕೊಂಡು ಎಲ್ಲರಿಗೂ ಚಹಾ ತರಿಸುತ್ತಿದ್ದ.

"ಸಾರ್, ಸ್ವಲ್ಪ ಮಲಗಿಬಿಡಿ. ಶಾಲು ಹೊದ್ಕೊಳ್ಳಿ. ಭುವಿ, ನೀನು ಅಪ್ಪನ ಕಾಲು ಹಿಡ್ಕೊಂಡು ಅಳ್ಬೇಕು ಕಣಮ್ಮ."

"ಯಾಕ್ರಿ ಅಳ್ಬೇಕು? ಅಪ್ಪಾ ಆರಾಮ ಅದಾನಲ್ರಿ" ಎಂದಳು ಹುಡುಗಿ.

ಮಧ್ಯಾಹ್ನವೆಲ್ಲ ಕಳೆಯಿತು. ಕಡೆಗೆ ಹಸಿವಿಗೋ ಸುಸ್ತಿಗೋ ಅವಳ ಕಣ್ಣು ತುಂಬಿದ್ದನ್ನೇ ಹಿಡಿದುಕೊಂಡರು. ಹೋಗುವಾಗ ಶ್ರೀಶ ಗೋಡೆಯ ಮೇಲಿದ್ದ ಅಣ್ಣನ ಫೋಟೋದ ಚಿತ್ರ ತೆಗೆದುಕೊಂಡ. ನೀಲಿ ಅಂಗಿ ಹಾಕಿ, ಕೈಯಲ್ಲಿ ಬ್ರಶ್ ಹಿಡಿದು ನಗುತ್ತಿದ್ದ ಫೋಟೋ ಅದು.

ಅದಾಗಿ ಕೆಲವೇ ದಿನಕ್ಕೆ ಅಣ್ಣನ ಹೊಟ್ಟೆನೋವು ನಿಜವಾಗಿಯೂ ವಿಪರೀತವಾಯಿತು. ಕರುಳಿನ ಆಪರೇಷನ್ ಆಗಲೇಬೇಕೆಂದರು. ಮಗಳು ಸ್ಪರ್ಧೆಯವರ ಹೋಟೆಲಿನಲ್ಲಿ, ಫೋನೂ ಅವರ ವಶದಲ್ಲಿ. ಅಣ್ಣನ ಹೆಂಡತಿ ಲಕ್ಷ್ಮವ್ವ ವೈನಿ ಆಸ್ಪತ್ರೆಯಲ್ಲಿ. ಹೀಗಾಗಿ ಅಣ್ಣನ ಮನೆಯಲ್ಲಿದ್ದ ನಮ್ಮವ್ವ ಭಾಗವ್ವನನ್ನು ನಾನು ನಮ್ಮ ಮನೆಗೆ ಕರೆತಂದೆ.

ಅವ್ವನ ಎದುರು 'ಆಸ್ಪತ್ರೆ' ಎನ್ನುವುದೇ ಕಷ್ಟ. ಹೋದ ವರ್ಷ ನಮ್ಮ ದೊಡ್ಡಣ್ಣ ಬಾಳೇಶ ಬೈಕಿನಿಂದ ಬಿದ್ದು ಸ್ಥಳದಲ್ಲೇ ಹೋದಾಗ, ಮುದುಕಿಯ ಎದೆ ಒಡೆದೀತೆಂದು ಎಲ್ಲರೂ ಸೇರಿ ಮುಚ್ಚಿಟ್ಟೆವು. ನಮ್ಮ ಕಡೆ ರೂಢಿಯೇ ಅದು. "ಆಸ್ಪತ್ರ್ಯಾಗ ಅದಾನ, ಆರಾಮ ಐತಿ" ಎಂದು ಬಾಯಿಪಾಠ ಒಪ್ಪಿಸಿದೆವು. ಮಣ್ಣು ಮಾಡಿ ಎಷ್ಟೋ ದಿನದ ಮೇಲೆ ದೊಡ್ಡ ಸೊಸೆ ಎದುರಿಗೆ ಬಂದಳು. ಅವ್ವ ಅವಳ ಬರಿ ಹಣೆ ನೋಡಿದಳು, ಅಷ್ಟೇ. ಯಾರೂ ಏನೂ ಹೇಳಬೇಕಾಗಲಿಲ್ಲ. ಮಗನ ಮುಖಕ್ಕೆ ಒಂದು ಹಿಡಿ ಮಣ್ಣು ಹಾಕಲೂ ಬಿಡಲಿಲ್ಲವಲ್ಲ ಎಂದು ಆಮೇಲೆ ಅವಳು ನಮ್ಮನ್ನು ಶಪಿಸಿದ್ದು ಇನ್ನೂ ಕಿವಿಯಲ್ಲಿದೆ.

ಈರಪ್ಪನ ಆಪರೇಷನ್ ಶನಿವಾರ ಆಯಿತು, ಚೆನ್ನಾಗಿಯೇ ಆಯಿತು. ಐಸಿಯುನಲ್ಲಿಟ್ಟಿದ್ದರು. ಅಂದು ಸಂಜೆ ಭುವಿಯ ಕಾರ್ಯಕ್ರಮ ಬರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಭಾನುವಾರ ಮಧ್ಯಾಹ್ನ ಮರುಪ್ರಸಾರ ಇತ್ತು. ಅವ್ವನನ್ನು ಟಿವಿ ಮುಂದೆ ಚಾಪೆಯ ಮೇಲೆ ಕೂರಿಸಿ, ಮೊಮ್ಮಗಳನ್ನು ನೋಡು ಎಂದೆ.

ಭುವಿ ಎಷ್ಟು ಚೆನ್ನಾಗಿ ಹಾಡಿದಳೆಂದರೆ ಯಜಮಾನರು ತಾಟಿನ ಮುಂದೆ ಕೈ ಒಣಗಿಸಿಕೊಂಡು ಕೂತುಬಿಟ್ಟರು. ಅವ್ವನ ಬೊಚ್ಚು ಬಾಯಿ ನಗುತ್ತಿತ್ತು. ಹಾಡು ಮುಗಿಯಿತು. ಕೊಳಲು ಶುರುವಾಯಿತು.

"ಹಾಡೂದು ಎರಡ ನಿಮಿಷ, ಅಳೂದು ಅರ್ಧ ತಾಸ. ನಮ್ಮ ಕೂಸಿನ್ನೂ ಬಿಡಲಿಲ್ಲ ನೋಡ ಇವ್ರು" ಎಂದು ಯಜಮಾನರು ರಿಮೋಟು ಒತ್ತಿದರು. ನಾನು ಪಲ್ಯ ತರಲು ಒಳಗೆ ಹೋದೆ.

ಹೊರಗೆ ಬಂದಾಗ ಟಿವಿ ತುಂಬ ನನ್ನ ಅಣ್ಣನ ಮುಖ. ಅದೇ ಫೋಟೋ. ನೀಲಿ ಅಂಗಿಯ ಬಣ್ಣ ಹೋಗಿ ಎಲ್ಲ ಕಪ್ಪು ಬಿಳುಪಾಗಿತ್ತು. ಮೇಲಿನಿಂದ ಹೂವಿನ ಎಸಳು ಉದುರುತ್ತಿದ್ದವು. ಭುವಿ ಮುಖ ಮುಚ್ಚಿ ವೇದಿಕೆಯ ಮೇಲೆ ಕುಸಿದಿದ್ದಳು. ತೀರ್ಪುಗಾರರು ಎದ್ದು ನಿಂತು ಕೈ ಮುಗಿದಿದ್ದರು. ಸದ್ದಿಲ್ಲ.

ಅವ್ವನ ನಗು ಬಾಯಿಯಲ್ಲೇ ನಿಂತಿತ್ತು.

"ಯಾವಾಗ ಹೋದ ನನ ಮಗಾ?" ಎಂದಳು.

"ಯವ್ವಾ, ಏನ್ ಮಾತ ಆಡ್ತಿ! ಆಸ್ಪತ್ರ್ಯಾಗ ಅದಾನ. ಆರಾಮ ಐತಿ" ಎಂದೆ. ಅಂದ ಮೇಲೆ ತಿಳಿಯಿತು, ಅಕ್ಷರ ಬದಲಾಗದೆ ಹೋದ ವರ್ಷದ್ದೇ ಮಾತು.

ಯಜಮಾನರು ಗಡಬಡಿಸಿ ಟಿವಿಗೆ ದನಿ ಕೊಟ್ಟರು. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂದಿತ್ತು. ಆ ಫೋಟೋದ ಹಿಂದೆ ಏನು ಹೇಳಿದ್ದರೆಂದು ನಾನು ಆಮೇಲೆ ಮೊಬೈಲಿನಲ್ಲಿ ಕೇಳಿದೆ. 'ಮಗಳ ಹಾಡು ಕೇಳಲೆಂದೇ ನೋವು ನುಂಗಿ ಬದುಕಿರುವ ತಂದೆ.' ಬದುಕಿರುವ ಎಂದೇ ಹೇಳಿದ್ದರು. ಬದುಕಿರುವವನ ಮೇಲೆ ಹೂವು ಸುರಿದವರ ಕೈ ಸೇದಿಹೋಗಲಿ.

ವೈನಿಗೆ ವೀಡಿಯೊ ಕಾಲ್ ಮಾಡಿದೆ. ಇದರಿಂದಾದರೂ ಅವ್ವನಿಗೆ ಧೈರ್ಯ ಬರಲಿ ಎಂದು ಫೋನನ್ನು ಅವಳ ಮುಖದ ಮುಂದೆ ಹಿಡಿದೆ. ಐಸಿಯು ಹೊರಗೆ ನಿದ್ದೆಗೆಟ್ಟು ಕೂತಿದ್ದ ವೈನಿ ಆಗತಾನೆ ಮುಖ ತೊಳೆದು ಬಂದಿದ್ದಳು.

"ಅತ್ತಿ, ಅವ್ರು ಆರಾಮ ಅದಾರ್ರಿ. ಒಳಗ ಫೋನ್ ಬಿಡೂದಿಲ್ರಿ" ಎಂದಳು.

ಅವ್ವ ಮಾತು ಕೇಳಲಿಲ್ಲ. ಹಣೆ ನೋಡಿದಳು. ಹಣೆಯ ಮೇಲೆ ಕುಂಕುಮವಿರಲಿಲ್ಲ, ನೀರಿನ ಹನಿ ಇತ್ತು.

"ಈ ಸಲಾನೂ ಹಂಗ ಮಾಡಿದ್ರಿ" ಎಂದು ಫೋನು ಸರಿಸಿದಳು.

"ಅತ್ತಿ, ಏಳ್ರಿ. ಆಟೋದಾಗ ಕರಕೊಂಡ ಹೋಗ್ತೀನಿ, ನಿಮ್ಮ ಕಣ್ಣಿಂದ ನೋಡ್ರಿ" ಎಂದು ಯಜಮಾನರು ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಆಟೋ ತರಲು ಓಡಿದರು. ಕೈ ಕೂಡ ತೊಳೆದಿರಲಿಲ್ಲ.

ಅವ್ವ ಗೋಡೆಗೆ ಮುಖ ಮಾಡಿ ಸೆರಗು ತಲೆಮೇಲೆ ಎಳೆದುಕೊಂಡು ಹಾಡಿಕೊಂಡು ಅಳತೊಡಗಿದಳು. ಸತ್ತವರನ್ನು ನೆನೆದು ನಮ್ಮ ಕಡೆಯ ಹೆಂಗಸರು ಹಾಗೆ ಅಳುತ್ತಾರೆ. ಬಾಳೇಶನಿಗೆ ಹಾಡಲು ನಾವು ಬಿಡದೆ ಉಳಿಸಿದ್ದೂ ಅದರಲ್ಲಿ ಸೇರಿತ್ತೇನೋ.

"ಊರ ಗ್ವಾಡಿಗೆಲ್ಲ ಬಣ್ಣಾ ಬಳದ್ಯೋ ನನ ಮಗನ, ನನ್ನ ಗ್ವಾಡಿ ಬರಿದ ಬಿಟ್ಟ್ಯೋ... ದೊಡ್ಡಾಂವ ಹೇಳದ ಹ್ವಾದ, ನೀನೂ ಹೇಳದ ಹೋದ್ಯೋ..."

ಅಂಥ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ನಾನು ಅಪ್ಪಿ ಹಿಡಿದೆ, ಬಾಯಿ ಮುಚ್ಚಿಸಲು ನೋಡಿದೆ, "ಅಣ್ಣಾ ಅದಾನವ್ವಾ, ಅದಾನ" ಎಂದು ಕೂಗಿದೆ. ಅವಳು ನಿಲ್ಲಿಸಲಿಲ್ಲ. ಆಗಲೇ ಮಹಡಿಯ ಮೇಲಿನಿಂದ ಓನರ್ ಸೀತಾ ಆಂಟಿ ಕೂಗಿದರು.

"ಕಲಾವತೀ, ಆ ಟಿವಿ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಮ್ಮಾ! ಭಾನುವಾರ ಬಂದ್ರೆ ಸಾಕು, ಇವರ ಗೋಳು ಕೇಳಕ್ಕಾಗಲ್ಲ!"

ಆಟೋ ಬಾಗಿಲಿಗೆ ಬಂದ ಸದ್ದಾಯಿತು. ಹಾಡು ಒಂದು ಸಾಲಿನ ನಡುವೆ ನಿಂತಿತು. ಒಪ್ಪಿದಳು ಎಂದುಕೊಂಡು ನಾನು ಭುಜ ಹಿಡಿದು ಎಬ್ಬಿಸಹೋದೆ. ಅವ್ವ ನನ್ನ ಮೇಲೆಯೇ ಒರಗಿದಳು. ಅದೇ ಆಟೋದಲ್ಲಿ ಹತ್ತಿರದ ಡಾಕ್ಟರರ ಹತ್ತಿರ ಒಯ್ದೆವು. ಎದೆ ನಿಂತಿದೆ ಎಂದರು.

ಮಾರನೆಯ ದಿನ ಮಣ್ಣು ಮಾಡಿದೆವು. ಈರಪ್ಪನಿಗೆ ಹೇಳಲಿಲ್ಲ. ಹಸಿ ಹೊಲಿಗೆ, ಎದೆಗೆ ಹಚ್ಚಿಕೊಂಡರೆ ಏನಾದೀತೋ ಎಂದು ಹಿರಿಯರೆಲ್ಲ ಕೂಡಿ ತೀರ್ಮಾನಿಸಿದರು. ಅವ್ವ ಹೇಗಿದ್ದಾಳೆ ಎಂದು ಅವನು ಕೇಳಿದಾಗಲೆಲ್ಲ ವೈನಿ "ಆರಾಮ ಅದಾರ" ಎಂದಳು. ಇಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ. ನಾಯಿ ಬಾಲದ ಜಾತಿ ನಮ್ಮದು.

ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಅವನಿಗೆ ಎಲ್ಲ ಹೇಳಿದೆವು. ಅವನು ಅಳಲಿಲ್ಲ. ಅವ್ವ ಕೊನೆಗೆ ಏನು ಹಾಡಿದಳು ಎಂದು ಕೇಳಿದ. ನಾನು ಹೇಳಿದೆ. ಮತ್ತೊಮ್ಮೆ ಹೇಳು ಎಂದ. ಯಜಮಾನರು ಎದ್ದು ಹೊರಗೆ ಹೋಗಿ ಆಟೋದಲ್ಲಿ ಕೂತರು. ಈಗ ಅವರು ಟಿವಿಯ ಅಳುವನ್ನು ಕೊನೆಯವರೆಗೂ ಕೇಳುತ್ತಾರೆ, ರಿಮೋಟು ಮುಟ್ಟುವುದಿಲ್ಲ.

ಅಣ್ಣನಿಗೆ ಹೇಳಿದ ಆ ಸಂಜೆಯೇ ಶ್ರೀಶನ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಆಂಟಿ, ಅಜ್ಜಿ ವಿಷ್ಯ ಭುವಿ ಹೇಳಿದ್ಲು. ತುಂಬಾ ಬೇಜಾರಾಯ್ತು. ಸೆಮಿಫೈನಲ್‌ನಲ್ಲಿ ಅಜ್ಜಿಗೆ ಒಂದು ಟ್ರಿಬ್ಯೂಟ್ ಮಾಡೋಣ ಅಂತಿದೀವಿ. ಅವರದೊಂದು ಫೋಟೋ ಕಳ್ಸಿ. ಎಂಥದಾದ್ರೂ ಪರವಾಗಿಲ್ಲ, ಬ್ಲ್ಯಾಕ್ ಅಂಡ್ ವೈಟ್ ನಾವೇ ಮಾಡ್ಕೋತೀವಿ."

ನನ್ನ ಬಾಯಿಗೆ ಬಂದ ಬೈಗುಳ ಹೊರಬೀಳುವ ಮೊದಲೇ ಅಣ್ಣ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಫೋನು ಇಸಿದುಕೊಂಡ.

"ಅಕಿ ಫೋಟೋ ಯಾಕ್ರಿ?" ಎಂದ ಮೆಲ್ಲಗೆ. "ನಂದ ಐತಲ್ಲ ನಿಮ್ಮ ಕಡೆ, ಅದನ್ನ ಹಾಕ್ರಿ. ಸತ್ತಾಂವ ನಾನ ಅಂತ ನಂಬಿ ಹೋಗ್ಯಾಳ ನಮ್ಮವ್ವ."