ಗುಬ್ಬಿ ಕೇಳಿದ ಪ್ರಶ್ನೆ

ಮನೆಯಿಂದ ಹೊರಗೆ ಕಾಲಿಟ್ಟರೆ ಗುಬ್ಬಿಯ ಎರಡೂ ಕೈಗೆ ಏನಾದರೊಂದು ಹಿಡಿಸಬೇಕು. ಅದು ಅಜ್ಜಿ ಹಾಕಿಕೊಟ್ಟ ರೂಢಿ. ನೆಂಟರ ಮನೆಗೆ ಹೊರಟರೆ ಹಣ್ಣಿನ ಬುಟ್ಟಿ, ಆಸ್ಪತ್ರೆಗೆ ಹೊರಟರೆ ಫ್ಲಾಸ್ಕು, ಏನೂ ಇಲ್ಲದಿದ್ದರೆ ಅಜ್ಜಿಯ ಕೊಡೆ. ಆ ದಿನ ಅಕ್ವೇರಿಯಂ ನೋಡಲು ಹೊರಟಾಗ ಊಟದ ಕ್ಯಾರಿಯರ್. ಒಂದು ಕೈಯಲ್ಲಿ ಹಿಡಿದರೆ ವಾಲುತ್ತಿತ್ತು, ಎರಡೂ ಕೈ ಬೇಕೇ ಬೇಕು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, “ಎಷ್ಟು ಜವಾಬ್ದಾರಿ ನೋಡಿ ಹುಡುಗಿಗೆ!” ಎಂದು ಮೆಚ್ಚಿದಳು. ಅಜ್ಜಿ ಹೌದೆಂದು ತಲೆಯಾಡಿಸಿದರು. ನಿಜ ಸಂಗತಿ ಬೇರೆ. ಗುಬ್ಬಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕೈ ಖಾಲಿ ಇದ್ದರೆ ಮಾತಾಡಿಬಿಡುತ್ತಾಳೆ.

ಕೈಯಲ್ಲಿ ಮಾತಾಡಲು ಕಲಿಸಿದವಳು ಅಮ್ಮ. ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯಲ್ಲಿ ಕಿವಿ ಕೇಳದ ಇಬ್ಬರು ಹೆಂಗಸರಿದ್ದರು. ಊಟದ ಬಿಡುವಿನಲ್ಲಿ ಅವರ ಎದುರು ಕೂತು ಒಂದೊಂದೇ ಸನ್ನೆ ಕಲಿತು ಬಂದು, ರಾತ್ರಿಯ ಅಡುಗೆಗೆ ನಿಂತಾಗ ಬಾಗಿಲು ಮುಂದೆ ಮಾಡಿಕೊಂಡು ಮಗಳಿಗೆ ಹೇಳಿಕೊಟ್ಟಿದ್ದಳು. ಕದ್ದು ತಿಂಡಿ ತಿನ್ನುವವರ ಹಾಗೆ ತಾಯಿ ಮಗಳು ಅಡುಗೆಮನೆಯಲ್ಲಿ ಕದ್ದು ಮಾತಾಡುತ್ತಿದ್ದರು. ಅಜ್ಜಿಗೆ ಗೊತ್ತಾದಾಗ, “ಮನೆಯೊಳಗೆ ಏನಾದ್ರೂ ಮಾಡ್ಕೊಳ್ಳಿ. ಹೊರಗೆ ಬೇಡ. ಲೋಕವೆಲ್ಲ ಬಾಯಲ್ಲಿ ಮಾತಾಡುತ್ತೆ. ಇವಳೊಬ್ಬಳಿಗಾಗಿ ಎಲ್ಲರೂ ಕೈಭಾಷೆ ಕಲೀತಾರಾ?” ಎಂದಿದ್ದರು. ಗುಬ್ಬಿಯ ಅಪ್ಪನನ್ನು ಕೇಳಿದರೆ, “ನಮ್ಮಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾಗಿದ್ದ. ಮೂರು ಜನಕ್ಕೆ ಅಕ್ವೇರಿಯಮ್ಮಿನ ಒಳಭಾಗ ನೋಡುವ ಟಿಕೆಟು ತಂದುಕೊಟ್ಟವನೂ ಅವನೇ. ತಾನು ಮಾತ್ರ ಬರಲಿಲ್ಲ.

ಗಾಜಿನ ಮುಂದೆ ನಿಂತು ಮೀನು ನೋಡುವುದು ಎಲ್ಲರಿಗೂ ಇದ್ದದ್ದೇ. ಇವರ ಟಿಕೆಟಿನಲ್ಲಿ ಗಾಜಿನ ಹಿಂದೆ ನಡೆಯುವ ಕೆಲಸವನ್ನೂ ನೋಡಬಹುದಿತ್ತು. ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದ ಬಾಗಿಲ ಬಳಿ ಗಮ್‌ಬೂಟು ತೊಟ್ಟ ಗೈಡ್ ಹುಡುಗಿ ಎಲ್ಲರನ್ನೂ ನಿಲ್ಲಿಸಿದಳು.

“ಬ್ಯಾಗು, ಕೊಡೆ, ಡಬ್ಬಿ ಎಲ್ಲ ಲಾಕರಿನಲ್ಲಿ ಇಟ್ಟುಬಿಡಿ. ತೆರೆದ ತೊಟ್ಟಿಗಳ ಮೇಲೆ ನಡೀತೀವಿ. ಏನಾದ್ರೂ ಬಿದ್ರೆ ಮೀನು ನುಂಗಿಬಿಡುತ್ತೆ.”

“ಕ್ಯಾರಿಯರ್ ಮಗು ಹಿಡ್ಕೊಂಡಿರುತ್ತಮ್ಮ. ಬೀಳಿಸಲ್ಲ ಅವಳು,” ಎಂದರು ಅಜ್ಜಿ.

“ಎಲ್ಲರದ್ದೂ ಅಜ್ಜಿ, ಎಲ್ಲರದ್ದೂ,” ಎಂದು ಹುಡುಗಿ ನಕ್ಕು ಕ್ಯಾರಿಯರ್ ಇಸಿದುಕೊಂಡಳು. ಗುಬ್ಬಿ ತನ್ನ ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡಳು, ಅಮ್ಮನನ್ನು ನೋಡಿದಳು.  ಅಮ್ಮ ಬೇಡ ಎನ್ನಲಿಲ್ಲ.

ಮೊದಲು ಸಿಕ್ಕಿದ್ದು ಮೀನುಗಳ ಅಡುಗೆಮನೆ. ಬಿಳಿ ಏಪ್ರನ್ನಿನ ಒಬ್ಬ ಆಸಾಮಿ ಸಿಗಡಿಯನ್ನು ಹೆಚ್ಚಿ ಬಕೆಟ್ಟಿಗೆ ಹಾಕುತ್ತಿದ್ದ. ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡು, “ನಮಗಿಂತ ಇವುಗಳ ಊಟವೇ ಜೋರು” ಎಂದರು. ಅದನ್ನು ದಾಟಿದರೆ ಪಂಪಿನ ಕೋಣೆ. ಆಳೆತ್ತರದ ಡ್ರಮ್ಮುಗಳು, ತೊಡೆದಪ್ಪದ ಪೈಪುಗಳು, ಎದೆಗೂಡು ನಡುಗುವಷ್ಟು ಸದ್ದು. ಗೈಡ್ ಹುಡುಗಿ ಬಾಯಿ ತೆರೆದು ಏನೋ ವಿವರಿಸುತ್ತಿದ್ದಳು. ಬಂದವರೆಲ್ಲ “ಆಂ? ಏನಂದ್ರಿ?” ಎಂದು ಕಿವಿಗೆ ಕೈ ಹಿಡಿದು ಪೆಚ್ಚಾಗಿ ನಿಂತರು. ಇಡೀ ಗುಂಪೇ ಕಿವುಡಾಗಿತ್ತು.

ಗುಬ್ಬಿ ಮಾತ್ರ ಆಗಲೇ ಮಾತು ಶುರು ಮಾಡಿದ್ದಳು. ಈ ಪೈಪಿನ ನೀರು ಎಲ್ಲಿಗೆ ಹೋಗುತ್ತದೆ? ಮೀನಿನ ಕೊಳೆ ಎಲ್ಲಿ ನಿಲ್ಲುತ್ತದೆ? ಅವಳ ಬೆರಳು ಹಾರಾಡುತ್ತಿತ್ತು. ಗೋಡೆಯ ಮೇಲಿನ ನಕ್ಷೆ ನೋಡಿ ಅಮ್ಮ ತನಗೆ ತಿಳಿದಷ್ಟು ಕೈಯಲ್ಲೇ ಉತ್ತರ ಕೊಟ್ಟಳು. ಸುತ್ತ ಹತ್ತಾರು ಜನರಿದ್ದಾರೆ ಎಂಬುದೇ ಅವಳಿಗೆ ಮರೆತುಹೋಯಿತು. ನೆನಪಾದಾಗ ಎದುರಿಗೆ ಅಜ್ಜಿ ಕಣ್ಣು ಕೆಕ್ಕರಿಸಿ ನಿಂತಿದ್ದರು. ಅಮ್ಮ ಥಟ್ಟನೆ ಕೈ ಕೆಳಗಿಳಿಸಿದಳು. ಮರುಕ್ಷಣವೇ ಆ ಹೆದರಿಕೆಯ ಮೇಲೆ ಅವಳಿಗೇ ಸಿಟ್ಟು ಬಂತು. ನಾನೇನು ಕಳ್ಳತನ ಮಾಡಿದೆನೆ? ಮಗಳ ಜೊತೆ ಮಾತಾಡಿದೆ, ಅಷ್ಟೇ.

ಮೆಟ್ಟಿಲು ಹತ್ತಿ ದೊಡ್ಡ ತೊಟ್ಟಿಯ ಮೇಲ್ಭಾಗಕ್ಕೆ ಬಂದಾಗ ಸದ್ದು ಅಡಗಿತ್ತು. ಕಬ್ಬಿಣದ ಕಟಕಟೆಯ ಕೆಳಗೆ ನೀರು, ನೀರಿನೊಳಗೆ ಒಬ್ಬ ಮುಳುಗುಗಾರ್ತಿ ಬ್ರಷ್ ಹಿಡಿದು ಗಾಜು ತಿಕ್ಕುತ್ತಿದ್ದಳು. ಅವಳ ಬೆನ್ನ ಮೇಲೆ ಚಪ್ಪಟೆ ಮೀನೊಂದು ಹೊದಿಕೆಯಂತೆ ತೇಲಿ ಹೋಯಿತು. ಮೇಲೆ ಒಬ್ಬ ಕಾವಲಿನವನು ಅವಳ ಮೇಲೇ ಕಣ್ಣಿಟ್ಟು ಕೂತಿದ್ದ. ಅವಳು ಬೆರಳು ಮಡಚಿ ಏನೋ ತೋರಿಸಿದಳು, ಅವನೂ ಹಾಗೇ ತೋರಿಸಿದ.

“ಗಾಳಿ ಎಷ್ಟಿದೆ ಅಂತ ಹೇಳಿದಳು. ನೀರಲ್ಲಿ ಬಾಯಿ ಕೆಲಸಕ್ಕೆ ಬರಲ್ಲ ನೋಡಿ,” ಎಂದಳು ಗೈಡ್ ಹುಡುಗಿ. “ಮಕ್ಕಳು ಯಾರಾದ್ರೂ ಪ್ರಶ್ನೆ ಕೇಳ್ತೀರಾ?”

ಗುಬ್ಬಿಗೆ ಈ ಮಾತು ಕೇಳಿಸಿರಲಿಲ್ಲ. ಆದರೆ ಬೇರೆ ಮಕ್ಕಳು ಕೈ ಎತ್ತಿದ್ದು ಕಂಡಿತು. ಅವಳೂ ಎತ್ತಿದಳು. ಹುಡುಗಿ ಅವಳತ್ತ ಬೆರಳು ಮಾಡಿದಳು. ಗುಬ್ಬಿ ಸನ್ನೆಗೆ ತೊಡಗಿದ್ದೇ ತಡ, ಅಜ್ಜಿ ಅವಳ ಎರಡೂ ಮುಂಗೈಗಳನ್ನು ಗಟ್ಟಿಯಾಗಿ ಹಿಡಿದು ಕೆಳಗೆ ತಂದರು.

“ಏನಿಲ್ಲಮ್ಮ. ಅವಳದೇನೂ ಇಲ್ಲ. ಮುಂದೆ ನಡೀರಿ.”

“ಬಿಡಿ ಅತ್ತೆ,” ಎಂದಳು ಅಮ್ಮ.

“ಎಲ್ಲರೂ ನೋಡ್ತಿದ್ದಾರೆ ಕಣೇ.”

“ನೋಡ್ಲಿ. ದುಡ್ಡು ಕೊಟ್ಟು ಮೀನು ನೋಡೋಕೆ ಬಂದವರು, ಮನುಷ್ಯರನ್ನೂ ಒಂದಿಷ್ಟು ನೋಡ್ಲಿ.”

ಅಜ್ಜಿಯ ದನಿ ಇಳಿಯಿತು. “ನಿನಗೆ ಗೊತ್ತಿಲ್ಲ. ನನ್ನ ತಮ್ಮನೂ ಹೀಗೇ ಇದ್ದ. ಅವನು ಕೈ ಎತ್ತಿದ್ರೆ ಸಾಕು, ಬೀದಿ ಹುಡುಗರು ಸಾಲಾಗಿ ನಿಂತು ಅಣಕಿಸ್ತಿದ್ರು. ಕೊನೆಗೆ ಅವನು ಬಾಗಿಲಿಂದ ಆಚೆಗೇ ಬರ್ಲಿಲ್ಲ. ನಾನು ಕಣ್ಣಾರೆ ಕಂಡಿದ್ದೀನಿ. ಈ ಕೂಸಿಗೆ ಅದು ಬೇಡ.”

ಹತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅಮ್ಮನಿಗೆ ಈ ತಮ್ಮನ ವಿಷಯ ತಿಳಿದಿರಲಿಲ್ಲ. ಅಜ್ಜಿಯ ಬಗ್ಗೆ ಮರುಕವೆನಿಸಿತು. ಆದರೆ ಮಗಳ ಕೈ ಇನ್ನೂ ಆ ಹಿಡಿತದಲ್ಲೇ ಇತ್ತು.

“ಅಣಕಿಸಿದವರ ಕೈ ಕಟ್ಟಬೇಕಿತ್ತು ಅತ್ತೆ. ಇವಳದ್ದಲ್ಲ.”

ಹೀಗೆಂದವಳೇ ಬಾಗಿ, ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒರಟಾಗಿ ಅಲ್ಲ, ಹಾಗೆಂದು ಕೇಳಿಕೊಳ್ಳುವವಳ ಹಾಗೂ ಅಲ್ಲ. ಆಮೇಲೆ ನೆಟ್ಟಗೆ ನಿಂತು ಎಲ್ಲರಿಗೂ ಕೇಳುವಂತೆ, “ನನ್ನ ಮಗಳು ಕೈಯಲ್ಲಿ ಮಾತಾಡ್ತಾಳೆ. ನಾನು ಬಾಯಲ್ಲಿ ಹೇಳ್ತೀನಿ” ಎಂದಳು.  ಗುಬ್ಬಿ ಕೇಳಿದಳು. ಅಮ್ಮ ಹೇಳಿದಳು:

“ನೀರೊಳಗೆ ಆ ಅಕ್ಕಂಗೆ ಮೂಗು ತುರಿಸಿದ್ರೆ ಏನು ಮಾಡ್ತಾಳೆ?”

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ಅಜ್ಜಿ ಪೆಟ್ಟು ತಿಂದವರಂತೆ ಬೆಚ್ಚಿದರು. ಆದರೆ ಗುಬ್ಬಿಯೂ ನಗುತ್ತಿದ್ದಳು. ಒಬ್ಬ ಗಂಡಸು, “ಅಲ್ವೇ ಮತ್ತೆ! ನಾನೂ ಅದನ್ನೇ ಯೋಚಿಸ್ತಿದ್ದೆ” ಎಂದ. ಗೈಡ್ ಹುಡುಗಿ, “ಇದನ್ನ ಅವಳೇ ಹೇಳ್ಬೇಕು” ಎಂದು ಕಾವಲಿನವನಿಗೆ ಸೂಚಿಸಿದಳು. ಅವನು ನೀರಿನತ್ತ ಬಾಗಿ, ಮೇಲೆ ಬಾ ಎಂದು ಹೆಬ್ಬೆರಳು ಮೇಲೆ ಮಾಡಿದ. ಮುಳುಗುಗಾರ್ತಿ ತಲೆ ಹೊರಗೆ ಹಾಕಿ ಪ್ರಶ್ನೆ ಕೇಳಿಸಿಕೊಂಡಳು. ಉತ್ತರವನ್ನು ಬಾಯಲ್ಲಿ ಹೇಳಲು ಹೋಗಲಿಲ್ಲ. ಗುಬ್ಬಿಯನ್ನೇ ನೋಡುತ್ತ ಮೂಗನ್ನೂ ಮುಚ್ಚುವ ಮುಳುಗು ಕನ್ನಡಕದ ಮೆತ್ತನೆ ರಬ್ಬರಿನ ಮೇಲಿಂದಲೇ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಗಸಗಸ ಉಜ್ಜಿ, ಆಹಾ ಎನ್ನುವ ಮುಖ ಮಾಡಿದಳು. ಗುಬ್ಬಿ ಹೊಟ್ಟೆ ಹಿಡಿದು ನಕ್ಕಳು. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಮೂವರೂ ಕೆಳಗಿಳಿದು ಜನ ಕಿಕ್ಕಿರಿದ ಹಜಾರಕ್ಕೆ ಬಂದರು. ಅಲ್ಲಿ, ಅದೇ ದೊಡ್ಡ ತೊಟ್ಟಿಯ ಗಾಜಿನ ಮುಂದೆ, ಗುಬ್ಬಿ ಅಜ್ಜಿಯ ಸೆರಗು ಜಗ್ಗಿ ಏನೋ ಹೇಳತೊಡಗಿದಳು. ಉದ್ದನೆಯ ಮಾತು, ಎರಡೂ ಕೈ ತುಂಬ. ಅಕ್ಕಪಕ್ಕದವರು ತಿರುಗಿ ನೋಡಿದರು.

“ಏನಂತೆ ಅವಳದು?” ಅಜ್ಜಿ ಸೊಸೆಯನ್ನು ಕೇಳಿದರು.

“ನನ್ನ ಕೇಳ್ಬೇಡಿ. ಅವಳು ಹೇಳ್ತಿರೋದು ನಿಮಗೆ.”

“ನನಗೆಲ್ಲಿ ಬರುತ್ತೆ ಅದು?”

“ಹುಟ್ಟಿದಾಗಿಂದ ಅವಳು ನಮ್ಮ ಬಾಯನ್ನೇ ನೋಡಿಕೊಂಡು ಬದುಕಿದ್ದಾಳೆ ಅತ್ತೆ. ನೀವೂ ಸ್ವಲ್ಪ ನೋಡಿ.”

ಅಮ್ಮ ಕೈಕಟ್ಟಿ ನಿಂತಳು. ಈ ಸಲ ಸಹಾಯಕ್ಕೆ ಹೋಗುವುದಿಲ್ಲ ಎಂದು ಅವಳು ನಿಶ್ಚಯಿಸಿಯಾಗಿತ್ತು. ಅಜ್ಜಿ ಸುತ್ತಲಿನ ಜನರನ್ನು ನೋಡಿದರು, ಸೊಸೆಯ ಮುಖ ನೋಡಿದರು, ಅಲ್ಲಿ ದಾರಿ ಸಿಗಲಿಲ್ಲ. ಗುಬ್ಬಿ ಕಾಯುತ್ತಿದ್ದಳು. ಅಷ್ಟು ಜನರ ನಡುವೆ ಅಜ್ಜಿ ಬಲಗೈಯನ್ನು ಮೆಲ್ಲಗೆ ಎದೆಯೆತ್ತರಕ್ಕೆ ತಂದು, ಅಂಗೈಯನ್ನು ಮೇಲಕ್ಕೆ ತಿರುವಿ, ‘ಏನು?’ ಎಂದು ಕೇಳಿದರು.

ಗುಬ್ಬಿ ಮತ್ತೆ ಮೊದಲಿನಿಂದ ಹೇಳತೊಡಗಿದಳು, ಈ ಸಲ ನಿಧಾನವಾಗಿ.