ಒಳಮನೆಯ ಬ್ಯಾಟರಿ

‘ಒಳಗೆ ಬಾ’ ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಫಿಸಿಕ್ಸ್ ಲೆಕ್ಚರರ್ ನಾಗಭೂಷಣನಿಗೆ ಇಂದೂ ಉತ್ತರ ಹೊಳೆಯಲಿಲ್ಲ. ಮುತ್ತುರಾಜು ಆಗಲೇ ಜಗಲಿಯ ಮೇಲೆ ಕೂತುಬಿಟ್ಟಿದ್ದ.

ಇಬ್ಬರೂ ಮಧುಗಿರಿಯ ಒಂದೇ ಕಾಲೇಜಿನಲ್ಲಿ ಪಾಠ ಹೇಳುವವರು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿ ಉಣ್ಣುವವರು. ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ನಾಗಭೂಷಣನಿಗಿದ್ದವನು ಇವನೊಬ್ಬನೇ. ಅದು ಕಾಲೇಜಿನ ಮಾತು. ಮುತ್ತುರಾಜುವಿನ ಜಾತಿಯವರು ಜಗಲಿ ದಾಟುವ ಪದ್ಧತಿ ಈ ಮನೆಯಲ್ಲಿರಲಿಲ್ಲ.

ಮುತ್ತುರಾಜುವಿಗೆ ಎಲೆಕ್ಟ್ರಿಕ್ ಡರ್ಟ್ ಬೈಕಿನ ಹುಚ್ಚು. ಚನ್ನರಾಯನದುರ್ಗದ ಕಲ್ಲುಹಾದಿಯಲ್ಲಿ ಬಿದ್ದು ಸೊಂಟ ಉಳುಕಿ, ಚಳಿಗಾಲವಿಡೀ ಗಾಡಿ ನಿಲ್ಲಿಸಬೇಕಾಯಿತು. ಅವನದು ಶೀಟಿನ ಮನೆ. ರಾತ್ರಿ ಕೊರೆವ ಚಳಿ, ಹಗಲು ಕಾವು. ಬ್ಯಾಟರಿಗೆ ಎರಡೂ ಆಗದು. ನಮ್ಮ ಒಳಮನೆಯ ಗೋಡೆ ಮೊಳದಪ್ಪ, ಅಲ್ಲಿಡೋಣ ಎಂದು ನಾಗಭೂಷಣನೇ ಹೇಳಿದ್ದ. ಅರ್ಧ ಚಾರ್ಜಿನಲ್ಲಿರಬೇಕು, ಬರಿನೆಲಕ್ಕೆ ಇಡಬಾರದು, ತಿಂಗಳಿಗೊಮ್ಮೆ ನೋಡಬೇಕು ಎಂದು ಉಪನ್ಯಾಸವನ್ನೂ ಕೊಟ್ಟಿದ್ದ. ಆ ದಿನ ತನ್ನ ದೊಡ್ಡತನವನ್ನು ತಾನೇ ಮೆಚ್ಚಿಕೊಂಡಿದ್ದ.

ಬ್ಯಾಟರಿ ದೇವರಕೋಣೆಯ ಪಕ್ಕ ಮಣೆಯೇರಿ ಕೂತಿತು. ತಾಯಿ ಜಗದಾಂಬ ಅದಕ್ಕೆ ವಿಭೂತಿಯನ್ನೂ ಎಳೆದರು. ಅದರ ಯಜಮಾನ ಬಂದಾಗಲೆಲ್ಲ ನಾಗಭೂಷಣ ಅದನ್ನು ಜಗಲಿಗೆ ಹೊತ್ತು ತರುತ್ತಿದ್ದ. ಮುತ್ತುರಾಜು ಮೀಟರ್ ಹಚ್ಚಿ ಚಾರ್ಜ್ ನೋಡಿ ಹೊರಡುತ್ತಿದ್ದ. ಅವನು ಬೀದಿಯ ತಿರುವು ದಾಟಿದ ಮೇಲೆ ತಾಯಿ ಚೊಂಬಿನ ನೀರನ್ನು ಬ್ಯಾಟರಿಗೆ ಚಿಮುಕಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ವಯರು ಕೂಡುವ ಪಿನ್ನುಗಳಿಗೆ ನೀರು ತಾಗಬಾರದೆಂದು ನಾಗಭೂಷಣನಿಗೆ ಗೊತ್ತಿತ್ತು. ಹಾಕಬೇಡ ಎಂದರೆ, ಹಾಕುವುದು ಯಾಕೆಂಬ ಮಾತೂ ಎದ್ದೀತು. ಟವೆಲ್ಲಿನಿಂದ ಒರೆಸಿ ಸುಮ್ಮನಾಗುತ್ತಿದ್ದ.

ಈಗ ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಓಡಿತ್ತು. ಮುತ್ತುರಾಜು ಬ್ಯಾಟರಿ ಒಯ್ಯಲು ಬಂದಿದ್ದ. ನಾಗಭೂಷಣ ಹೊತ್ತು ತಂದ ಬ್ಯಾಟರಿಗೆ ಮೀಟರ್ ಹಚ್ಚಿದ. ಸೊನ್ನೆ. ಬಗ್ಗಿ ನೋಡಿದರೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು.

“ಇದಕ್ಕೆ ನೀರೆಂಗೋಯ್ತೋ ಭೂಷಣ?”

“ಮಂಜಿರಬೇಕು.”

“ಒಳಮನೇಲಾ?”

ಈ ಸಲ ಚಳಿ ಜಾಸ್ತಿ ಎಂದ ನಾಗಭೂಷಣ. ತನ್ನ ದನಿ ತನಗೇ ಅಸಹ್ಯವಾಯಿತು. ಮುತ್ತುರಾಜು ನಂಬಿದ. ತನ್ನ ಮನೆಯಲ್ಲಾಗಿದ್ದರೆ ಎಂದೋ ಕೆಡುತ್ತಿತ್ತು, ಇಷ್ಟು ದಿನ ಜೋಪಾನ ಮಾಡಿದಿರಿ ಎಂದು ಬಾಗಿಲಲ್ಲಿ ನಿಂತಿದ್ದ ಜಗದಾಂಬರಿಗೆ ಕೈಯನ್ನೂ ಮುಗಿದ. ಮುಚ್ಚುಮರೆ ಅರಿಯದ ತಾಯಿಜೀವ ಹಿಗ್ಗಿತು.

“ಹೂಂ ಕಣಪ್ಪ. ನೀನು ಮುಟ್ಟಿದಾಗ್ಲೆಲ್ಲ ನೀರಾಕಿ ಶುದ್ಧ ಮಾಡ್ಕಂಡೇ ಒಳೀಕೆ ತಗಂಡಿವ್ನಿ. ಒಂದಿನಾನೂ ಮೈಲಿಗೆ ಮಾಡ್ನಿಲ್ಲ.”

ಮುತ್ತುರಾಜು ಮೀಟರಿನ ವಯರನ್ನು ಸುತ್ತತೊಡಗಿದ. ಸುತ್ತಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಗೆಳೆಯನ ಮುಖ ನೋಡದೆ ಕೇಳಿದ.

“ನೀವೂ ಅಲ್ಲೇ ಇದ್ರಾ ಸಾರ್?”

ಇಷ್ಟು ವರ್ಷದ ಸ್ನೇಹದಲ್ಲಿ ಅವನ ಬಾಯಿಂದ ಬಂದ ಮೊದಲ ‘ಸಾರ್’ ಅದು. ನಾಗಭೂಷಣನ ಕಿವಿಯವರೆಗೂ ನಾಚಿಕೆ ಬಿಸಿಯಾಗಿ ಏರಿತು. ಟವೆಲ್ಲಿನಿಂದ ಬ್ಯಾಟರಿಯ ಪಿನ್ನುಗಳನ್ನು ಒರೆಸತೊಡಗಿದ. ಮುತ್ತುರಾಜು ಸತ್ತ ಬ್ಯಾಟರಿಯನ್ನು ಎದೆಗವಚಿಕೊಂಡು ಬೀದಿಗಿಳಿದ.

ಒಳಗೆ ಹೋಗಲು ತಿರುಗಿದರೆ ತಾಯಿ ಚೊಂಬು ಹಿಡಿದು ಅಡ್ಡ ನಿಂತಿದ್ದರು. ಅವನು ಮುಟ್ಟಿದ್ದನ್ನು ನೀನೂ ಮುಟ್ಟಿದ್ದೀಯ, ಅಲ್ಲೇ ನಿಲ್ಲು ಎಂದರು. ಇವತ್ತಾದರೂ ಬೇಡ ಅನ್ನಬೇಕೆಂದು ನಾಗಭೂಷಣ ಬಾಯಿ ತೆರೆದ. ತಲೆ ಆಗಲೇ ನೀರಿಗೆ ಬಾಗಿತ್ತು.