ಕಡಲಿಗೊಂದು ದೊಡ್ಡ ಮೀನು

“ಅಯ್ಯ ಶಿವನ, ತಿಂದ ಬಿಡ್ತಲ್ಲೇ!”

ಸುಭದ್ರಾ ಕುರ್ಚಿಯಿಂದ ಎದ್ದೇ ನಿಂತಳು. ಮಡಿಲಲ್ಲಿದ್ದ ಬಟಾಣಿ ಸಿಪ್ಪೆಯೆಲ್ಲ ಮಗಳ ಲ್ಯಾಪ್‌ಟಾಪಿನ ಮೇಲೆ ಚೆಲ್ಲಿತು. ತೆರೆಯ ಮೇಲೆ ನೀಲಿ ನೀರು, ನೀರಿನಲ್ಲಿ ಹಸಿರು ಗಿಡಗಳ ತೋಟ, ಅದರ ನಡುವೆ ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುತ್ತ ಹೊರಟಿದ್ದ ಒಂದು ದೊಡ್ಡ ಕರಿಮೀನು. ಅರೆಗಳಿಗೆಯ ಹಿಂದೆ ಅದರ ಮೂತಿಯ ಮುಂದೆ ಒಂದು ಕೆಂಪು ಮರಿ ಇತ್ತು. ಈಗ ಇರಲಿಲ್ಲ.

“ಆಟ ಅವ್ವಾ ಇದು,” ಎಂದಳು ನಿಶ್ಚಿತಾ, ಸಿಪ್ಪೆ ಆರಿಸುತ್ತ.

“ಆಟ ಆದ್ರ ಏನಾತು? ಅವಕ್ಕ ಹಸಿವು ಆಗತೈತಿ, ಅಂಜಿಕಿ ಆಗತೈತಿ ಅಂತ ನೀನ ಹೇಳಿದಿ. ಅಂಜಿಕಿ ಇದ್ದದ್ದಕ್ಕ ಜೀವ ಇಲ್ಲೇನು?”

ಹಾಗೆ ಹೇಳಿದವಳು ನಿಶ್ಚಿತಾಳೇ. ಆ ಆಟದ ಸೊಗಸೇ ಅದು. ಅದರಲ್ಲಿ ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ನಾವೊಂದು ಜಾಗ ಕಟ್ಟಿಕೊಟ್ಟರೆ ಕೃತಕ ಜೀವಿಗಳು ತಮ್ಮ ಪಾಡಿಗೆ ತಾವು ಹುಟ್ಟುತ್ತವೆ, ಕಲಿಯುತ್ತವೆ, ಸಾಯುತ್ತವೆ. ಅವಳು ಕಟ್ಟಿದ್ದು ಕಡಲ ತಳದಲ್ಲೊಂದು ಗಾಜಿನ ಗುಮ್ಮಟ. ಹಗಲೆಲ್ಲ ಅಹಮದಾಬಾದಿನ ವಟ್ವಾ ಪ್ರದೇಶದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಂಪು, ನೇರಳೆ ಕೊಳೆನೀರು ಪರೀಕ್ಷಿಸುವವಳಿಗೆ, ಸಂಜೆ ಮನೆಗೆ ಬಂದರೆ ಏನಾದರೂ ಬದುಕುವಂಥ ನೀರು ಬೇಕಿತ್ತು.

ಅವ್ವ ರಾಣೆಬೆನ್ನೂರಿನಿಂದ ಅಹಮದಾಬಾದಿಗೆ ಬಂದದ್ದು ಈ ಕಡಲು ನೋಡಲಿಕ್ಕಲ್ಲ, ಮಗಳ ತಲೆಯೊಳಗೆ ಹೊಕ್ಕ ಹುಳ ತೆಗೆಯಲಿಕ್ಕೆ. ಆ ಹುಳದ ಹೆಸರು ಅನಿಲ್. ಊರು ಹೊನ್ನಾವರ, ಸೂರತ್ತಿನಲ್ಲಿ ಇಂಜಿನಿಯರ್, ನೋಡಲು ಲಕ್ಷಣವಾಗಿದ್ದಾನೆ, ಎಲ್ಲ ಸರಿ. ಆದರೆ ಮನೆಯಲ್ಲಿ ಮೀನಿಲ್ಲದೆ ಊಟವಿಲ್ಲ. ಸೂರತ್ತಿನ ವರಾಛಾ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕನು ಅವನ ಹೆಸರಿಗಿಂತ ಮೊದಲು ಅವನ ಅಡುಗೆಯನ್ನು ವಿಚಾರಿಸಿ ಬಾಗಿಲು ಹಾಕಿಕೊಂಡಿದ್ದನಂತೆ. ಸುಭದ್ರಾ ಆ ಮಾಲೀಕನಿಗಿಂತ ಮೆದುವೇನೂ ಆಗಿರಲಿಲ್ಲ.

“ಲಿಂಗ ಕಟ್ಟಿದ ಮನ್ಯಾಗ ಹುಟ್ಟಿ ಮೀನ ತಿನ್ನೋರ ಮನಿಗೆ ಹೋಗತೀಯಾ?” ಎಂದು ಬಂದ ದಿನವೇ ಕೇಳಿ, ಆಮೇಲೆ ಆ ಮಾತನ್ನೇ ಎತ್ತಿರಲಿಲ್ಲ. ಅಪ್ಪನದು ಯಾವಾಗಲೂ ಒಂದೇ ರಾಗ: “ನಿಮ್ಮವ್ವ ಹೂಂ ಅಂದ್ರ ನನ್ನದೂ ಹೂಂ.” ಅವ್ವ ಹೂಂ ಅನ್ನದೆ ಮದುವೆಯಾಗುವ ಎದೆಗಾರಿಕೆ ನಿಶ್ಚಿತಾಳಿಗೆ ಇರಲಿಲ್ಲ. ಅನಿಲನನ್ನು ಬಿಡುವ ಶಕ್ತಿಯೂ ಇರಲಿಲ್ಲ.

“ಆ ಕರಿ ರಾಕ್ಷಸನ್ನ ತಗದ ಹಾಕ,” ಎಂದಳು ಅವ್ವ.

ಆ ಮೀನು ಯಾರದೆಂದು ಅವ್ವನಿಗೆ ಗೊತ್ತಿರಲಿಲ್ಲ. ಗುಮ್ಮಟದ ಅರ್ಧ ಗಾಜುಗಳನ್ನು ಸೂರತ್ತಿನಲ್ಲಿ ತನ್ನ ಕಂಪ್ಯೂಟರಿನ ಮುಂದೆ ಕೂತು ಜೋಡಿಸಿದವನು ಅನಿಲ್. ತಿಂಗಳುಗಟ್ಟಲೆ ತಳಿ ಬೆಳೆಸಿ ಆ ಮೀನನ್ನು ಕಳಿಸಿದವನೂ ಅವನೇ. ನಿಶ್ಚಿತಾಳ ಬೆರಳು ಒಂದು ಕ್ಷಣ ತಡೆಯಿತು. ತಾನೊಂದು ಬಿಟ್ಟುಕೊಟ್ಟರೆ ಅವ್ವನೂ ತನ್ನ ಹಟ ಬಿಟ್ಟಾಳು ಎಂಬ ಆಸೆ ಅವಳದು. ಅಳಿಸುವ ಗುಂಡಿ ಒತ್ತಿದಳು. ಕರಿಮೀನು ಮಾಯವಾಯಿತು.

ಅಂದಿನಿಂದ ಸುಭದ್ರಾಗೆ ಹಬ್ಬ. ಮಗಳು ಕೆಲಸಕ್ಕೆ ಹೋದ ಮೇಲೆ ಧಾರಾವಾಹಿ ಬಿಟ್ಟು ಕಡಲು ನೋಡುತ್ತ ಕೂರತೊಡಗಿದಳು. ಕೆಂಪು ಮರಿಗಳು ಮರಿ ಹಾಕಿದವು, ಅವುಗಳ ಮರಿಗಳೂ ಹಾಕಿದವು. ಪಕ್ಕದ ಮನೆಯ ಇಂದುಮತಿಬೆನ್ ಗರಿಗರಿ ಖಾಖ್ರಾ ರೊಟ್ಟಿ ಕೊಡಲು ಬಂದವರು, ಇಲ್ಲಿ ಯಾರೂ ಯಾರನ್ನೂ ತಿನ್ನುವುದಿಲ್ಲ ಎಂದು ಸುಭದ್ರಾಳ ಕೈಸನ್ನೆಯಿಂದ ತಿಳಿದು, “ಬಹು ಸರಸ್, ಬಹು ಸರಸ್!” ಎಂದು ಮೆಚ್ಚಿ ತೆರೆಗೇ ಕೈಮುಗಿದರು. ಅವರ ಗುಜರಾತಿ ಇವಳಿಗೆ ತಿಳಿಯದು, ಇವಳ ಕನ್ನಡ ಅವರಿಗೆ ತಿಳಿಯದು; ಅಹಿಂಸೆಯ ವಿಷಯದಲ್ಲಿ ಮಾತ್ರ ಇಬ್ಬರೂ ಅಕ್ಕತಂಗಿಯರಾದರು.

ಒಂದು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು.

“ನಿಶ್ಚಿ, ಎಲ್ಲಾ ಮ್ಯಾಲೆ ಬಂದು ಬಾಯಿ ಬಾಯಿ ಬಿಡಾಕತ್ತಾವು! ನೀರು ಕಲಗಚ್ಚಿನಂಗ ಆಗೈತಿ!”

ಕೈಯಲ್ಲಿ ಕೊಳೆನೀರಿನ ಸೀಸೆ ಹಿಡಿದಿದ್ದ ನಿಶ್ಚಿತಾಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೀಗಾದೀತೆಂದು ಅವಳಿಗೆ ಮೊದಲೇ ಅಳುಕಿತ್ತು. ಮರಿಗಳು ಮಿತಿಮೀರಿ ಹಸಿರನ್ನೆಲ್ಲ ಮೇಯ್ದುಬಿಟ್ಟಿದ್ದವು. ಹಸಿರಿಲ್ಲದ ನೀರಿನಲ್ಲಿ ಉಸಿರೆಲ್ಲಿಂದ ಬರಬೇಕು? ಆಟವನ್ನು ನಿಲ್ಲಿಸಿಡುವ ಗುಂಡಿ ಯಾವುದೆಂದು ಫೋನಿನಲ್ಲೇ ಹೇಳಿಕೊಟ್ಟಳು.

ಸಂಜೆ ತಾಯಿ ಮಗಳು ಸೇರಿ ಹೊಸ ಗಿಡ ನೆಟ್ಟು ಆಟ ಶುರುಮಾಡಿದರು. ಚಹಾ ಕುದಿಯುವಷ್ಟರಲ್ಲಿ ಅದೂ ಬೋಳಾಯಿತು. ಒಂದು ಮರಿ ಹೊಟ್ಟೆ ಮೇಲಾಗಿ ತೇಲಿತು. ಸುಭದ್ರಾಳ ಕಣ್ಣು ತುಂಬಿದವು.

“ಆ ಕರೀದು ಇದ್ದಾಗ ಹಿಂಗ ಇರಲಿಲ್ಲ.”

“ಇರಲಿಲ್ಲ.”

“ಮತ್ತ ಕರಕೊಂಡ ಬಾ ಅದನ್ನ.”

“ತಗದದ್ದು ವಾಪಸ್ ಬರಂಗಿಲ್ಲವ್ವಾ. ಅದರ ತಳಿ ಇರೋದು ಅನಿಲ್ ಹತ್ರ. ಅದು ಅವಂದ ಮೀನ.”

ಅವ್ವ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಸದ್ದು ಮಾಡಿದವು. ಎಲ್ಲ ಮುಗಿಯಿತು ಎಂದುಕೊಂಡಳು ನಿಶ್ಚಿತಾ; ಆಟವನ್ನು ಮತ್ತೆ ನಿಲ್ಲಿಸಿ, ತಲೆಮೇಲೆ ಕೈಹೊತ್ತು ಕೂತಳು. ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಫೋನ್ ಹಚ್ಚು,” ಎಂದಳು.

ಹಚ್ಚಿದಳು. ಅವ್ವ ಅದನ್ನು ಕಸಿದುಕೊಂಡಳು.

“ನಾ ನಿಶ್ಚಿತಾನ ಅವ್ವ. ನಿನ್ನ ಮೀನ ನಾನ ತಗಸಿದೆ. ನನಗ ತಿಳೀಲಿಲ್ಲಪಾ.”

ಆ ಕಡೆ ಏನೋ ಬಿದ್ದ ಸದ್ದಾಯಿತು. “ನಮಸ್ಕಾರ ಅಮ್ಮಾ. ಅಡ್ಡಿಲ್ಲ ಅಮ್ಮಾ. ಇನ್ನೊಂದು ಉಂಟು. ಈಗಲೇ ಮೇಲ್ ಮಾಡ್ತೆ, ಎರಡು ನಿಮಿಷ ಸಾಕು.”

“ಮೇಲ್ ಗೀಲ್ ಬ್ಯಾಡ. ಜೀವ ಇದ್ದದ್ದನ್ನ ಹಂಗ ಕಳಸ್ತಾರೇನು? ನಾಳೆ ಐತವಾರ. ನೀನ ತಗೊಂಡ ಬಾ.”

ಮರುದಿನ ಬೆಳಗಿನ ರೈಲಿಗೆ ಅನಿಲ್ ಬಂದ. ಜೇಬಿನಲ್ಲಿ ಪೆನ್‌ಡ್ರೈವ್, ಕೈಯಲ್ಲಿ ಘಾರಿ ಮಿಠಾಯಿಯ ಡಬ್ಬಿ. ಸುಭದ್ರಾ ನೀರು ಕೊಟ್ಟು, ಅವನು ಕುಡಿದು ಮುಗಿಸುವುದನ್ನೂ ಕಾಯದೆ ಕೇಳಿದಳು: “ನೀ ಮೀನ ತಿಂತೀಯೇನು?”

ನಿಶ್ಚಿತಾ ಅವನ ಕಡೆ ಕಣ್ಣು ಅಗಲಿಸಿದಳು. ಅನಿಲ್ ಲೋಟ ಕೆಳಗಿಟ್ಟ.

“ಬಿಟ್ಟಿದ್ದೇನೆ ಅಂತ ಹೇಳು ಅಂದಿದ್ಲು ಇವಳು. ಬಿಡಲಿಲ್ಲ ಅಮ್ಮಾ. ತಿಂತೆ.”

ಸುಭದ್ರಾ ಮಗಳನ್ನು ಒಮ್ಮೆ ದುರುಗುಟ್ಟಿ ನೋಡಿದಳು. “ಹೂಂ. ಮೊದಲ ಅದನ್ನ ನೀರಿಗೆ ಬಿಡು,” ಎಂದಳು.

ಕರಿಮೀನು ಗುಮ್ಮಟದೊಳಗೆ ಇಳಿಯಿತು. ಬಡಕಲಾಗಿದ್ದ ಮರಿಗಳು ಚದುರಿದವು. ಅದು ನಿಧಾನವಾಗಿ ತಿರುಗುತ್ತಿದ್ದಂತೆ ಸುಭದ್ರಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ತಿಂತೇನು?”

“ತಿಂತವ್ವಾ,” ಎಂದಳು ನಿಶ್ಚಿತಾ.

ಅವ್ವ ಸೆರಗು ಸರಿಸಿ, ಮೂಗು ಒರೆಸಿಕೊಂಡು, ಇಬ್ಬರಿಗೂ ತಾಟು ಇಟ್ಟಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅನಿಲ್ ತಲೆ ಎತ್ತದೆ ಉಣ್ಣುತ್ತಿದ್ದ.

“ಸಾವಕಾಶ ಉಣ್ಣು,” ಎಂದಳು ಸುಭದ್ರಾ. “ಉಂಡ ಮ್ಯಾಲೆ ನಿಮ್ಮವ್ವನ ನಂಬರ್ ಹಚ್ಚಿ ಕೊಡು. ನಾ ಮಾತಾಡಬೇಕು.”

ಅನಿಲನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಿಶ್ಚಿತಾ ಅವ್ವನ ಕಡೆ ತಿರುಗಿದಳು. ಅವ್ವ ಆಗಲೇ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಬೋಳು ಮಣ್ಣಿನಲ್ಲಿ ಉಗುರುದ್ದದ ಎರಡು ಹಸಿರು ಎಲೆ ಮೂಡಿದ್ದವು.